ಊರೇ ಗ್ರಂಥಭಂಡಾರ

ವಿದ್ಯಾರ್ಥಿಗಳ ಸಂಶೋಧನೆಗೆ ದೊಡ್ಡ ಪಟ್ಟಣದ ಪುಸ್ತಕಭಂಡಾರವೇ ಬೇಕೆಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ಅದು ಪೂರ್ಣಸತ್ಯವಲ್ಲವೆಂಬುದನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಬಳ್ಳಿಗಾವೆಗಳನ್ನು ಕಂಡವರು ಒಪ್ಪಿಯಾರು.

ಪ್ರೌಢಶಾಲೆಯ ಕೆಲವು ಬಾಲಕರೊಡನೆ ನಾವು ಮೊದಲು ಹೋದುದು ತಾಳಗುಂದಕ್ಕೆ. ಪ್ರಣವೇಶ್ವರ ದೇವಾಲಯದ ಎದುರಿಗೆ ಕದಂಬರ ಸ್ತಂಭಶಾಸನವಿದೆ. ಐದನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಈ ಸಂಸ್ಕೃತ ಕಾವ್ಯವನ್ನು ರಚಿಸಿ ತಾನೇ ಕಲ್ಲಿನ ಮೇಲೆ ಬರೆದನು. ಗುರು ವೀರಶರ್ಮನೊಡನೆ ಅಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು, ಪಲ್ಲವರ ರಾವುತನೊಡನೆ ಕಲಹವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಖಡ್ಗ ಹಿಡಿದ ವೃತ್ತಾಂತವು ಇಲ್ಲಿಯೇ ಇರುವುದು. ಆದರೆ ಶಾಸನದ ಉದ್ದೇಶವು ಕಾಕುತ್ಸ್ಥವರ್ಮನು ದೇವಾಲಯದ ಬಳಿ ಕೆರೆಯನ್ನು ತೋಡಿಸಿದುದನ್ನು ತಿಳಿಸುವುದು. ಇದನ್ನು ಕೇಳಿದೊಡನೆ ಒಬ್ಬ ಬಾಲಕನು, "ಆ ಕೆರೆ ಯಾವುದು, ಮೇಷ್ಟ್ರೆ?" ಎಂದನು. ಸಂಶೋಧನೆಯು ಹುಟ್ಟಿದುದು ಆ ಪ್ರಶ್ನೆಯಿಂದ.

ಉತ್ತರ ಹೇಳದೆ ಅವನನ್ನು ವೃದ್ಧ ರೈತರೊಬ್ಬರ ಬಳಿಗೆ ಕಳುಹಿಸಿದೆವು. "ಕಲ್ಲಿನ ಅಕ್ಷರ ನಮಗೆ ಬಾರದು, ಸ್ವಾಮಿ, ನೀರಿನ ದಾರಿ ಬಲ್ಲೆವು" ಎಂದು ಅವರು ಏರಿ, ತೂಬು, ಕಾಲುವೆ, ಗದ್ದೆಗಳ ಹೆಸರುಗಳನ್ನು ಒಂದೊಂದಾಗಿ ತೋರಿಸಿದರು. ಬಾಲಕರು ನಕ್ಷೆ ಬರೆದುಕೊಂಡರು.

ಅಲ್ಲಿಂದ ಬಳ್ಳಿಗಾವೆ ಸಮೀಪ. ಕೇದಾರೇಶ್ವರ ದೇವಾಲಯದ ಕೋಡಿಯ ಮಠವನ್ನು 1162ರ ಶಾಸನವು ವರ್ಣಿಸುತ್ತದೆ: ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠವಿತ್ತು, ದೀನಾನಾಥರಿಗೆ ಅನ್ನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು. ಈ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್‌ರವರು 1902ರಲ್ಲಿಯೇ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಮುದ್ರಿಸಿದರು. ಆ ಪಾಠವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ನಿಂತರೆ ಪುಸ್ತಕಕ್ಕೆ ಜೀವ ಬರುವುದು.

ನಮ್ಮ ನೈಯಾಯಿಕರು ಪ್ರಮಾಣಗಳನ್ನು ವಿಭಾಗಿಸಿದ್ದಾರೆ. ಕಲ್ಲು, ಕೆರೆ ಪ್ರತ್ಯಕ್ಷ; ಬಲ್ಲ ಹಿರಿಯರ ಮಾತು ಶಬ್ದ; ಇವೆರಡನ್ನೂ ಹೋಲಿಸಿ ನಿರ್ಣಯಿಸುವುದು ಅನುಮಾನ. ಮೂರನ್ನೂ ಬಾಲಕನು ತನ್ನ ಊರಿನಲ್ಲಿಯೇ ಅಭ್ಯಾಸ ಮಾಡಬಹುದು. ಹಿರಿಯರ ಮಾತು ಕಲ್ಲಿಗೆ ಹೊಂದದಿದ್ದಲ್ಲಿ ಎರಡನ್ನೂ ಹಾಗೆಯೇ ಬರೆದಿಡಬೇಕು. ತನಗೆ ಇಷ್ಟವಾದುದನ್ನು ಸೇರಿಸಬಾರದು.

ಈ ಭಂಡಾರಕ್ಕೆ ಬೀಗವಿಲ್ಲ, ಕಾವಲೂ ಇಲ್ಲ. ಶಾಸನದ ಕಲ್ಲು ಗೋಡೆಗೆ ಸೇರಿದರೆ ಒಂದು ಪುಟ ಹೋಯಿತು. ಗದ್ದೆಯ ಹೆಸರು ಬಲ್ಲ ವೃದ್ಧರು ಕಾಲವಾದರೆ ಒಂದು ಗ್ರಂಥವೇ ಹೋಯಿತು. ಕಲ್ಲಾದರೂ ಮತ್ತೆ ಸಿಕ್ಕೀತು, ಮಾತು ಸಿಕ್ಕದು. ಆದುದರಿಂದ ಗೃಹಸ್ಥರು ಈ ರಜೆಯಲ್ಲಿ ಮಕ್ಕಳ ಕೈಗೆ ಒಂದು ಟಿಪ್ಪಣಿ ಪುಸ್ತಕ ಕೊಟ್ಟು, ಮನೆಯ ಅಜ್ಜಿಯ ಬಳಿ, ಊರಿನ ಹಿರಿಯರ ಬಳಿ ಕೂರಿಸಲಿ. ಹೇಳಿದವರ ಹೆಸರು, ಸ್ಥಳ, ದಿನಾಂಕಗಳನ್ನು ಮಾತ್ರ ಮರೆಯದೆ ಬರೆಯಿಸಲಿ.