ಟಿಕೆಟ್ ನಮ್ಮ ಕೈಯಲ್ಲಿದ್ದಾಗ

ಪ್ಲೇನೋ, ಟೆಕ್ಸಾಸ್
ಫೆಬ್ರವರಿ 22, 2020, ಶನಿವಾರ

ಡೆಮಾಕ್ರಾಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಸ್ಪರ್ಧೆಯಲ್ಲಿ ಬರ್ನಿ ಸ್ಯಾಂಡರ್ಸ್ ನೆವಾಡಾದಲ್ಲಿ ಭಾರಿ ಅಂತರದಿಂದ ಗೆದ್ದರು. ಲಾಸ್ ವೇಗಸ್‌ನ ಹೋಟೆಲು, ಕ್ಯಾಸಿನೊ ಕೆಲಸಗಾರರ ಕಲಿನರಿ ಯೂನಿಯನ್ನಿನಲ್ಲಿ ಸುಮಾರು 60,000 ಸದಸ್ಯರಿದ್ದಾರೆ. ಮುಷ್ಕರ ಮಾಡಿ ಗಳಿಸಿದ ಒಳ್ಳೆಯ ಆರೋಗ್ಯ ವಿಮೆ ಅವರದು. ಎಲ್ಲರಿಗೂ ಸರ್ಕಾರಿ ವಿಮೆ ಕೊಡುವ ಸ್ಯಾಂಡರ್ಸ್ ಯೋಜನೆ ಬಂದರೆ ಅದು ಕೈಬಿಟ್ಟು ಹೋಗುತ್ತದೆ ಎಂದು ಯೂನಿಯನ್ ಮುಖಂಡರು ಎಚ್ಚರಿಸಿದ್ದರು. ಆದರೂ ಆ ಕೆಲಸಗಾರರಲ್ಲಿ ಎಷ್ಟೋ ಮಂದಿ, ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವ ಕಾಕಸ್‌ನಲ್ಲಿ ಸ್ಯಾಂಡರ್ಸ್ ಕಡೆಗೇ ಹೋಗಿ ನಿಂತರು. ಔಷಧಿ ಅಂಗಡಿಯ ಕೌಂಟರಿನಲ್ಲಿ, ಬೆಲೆ ಕೇಳಿ ಇನ್ಸುಲಿನ್ ಅಲ್ಲೇ ಬಿಟ್ಟು ಹೋಗುವವರನ್ನು ನೋಡುವ ನನಗೆ ಅವರ ಮನಸ್ಸು ಅರ್ಥವಾಗುತ್ತದೆ.

ಫೆಬ್ರವರಿ 29, ಶನಿವಾರ

ಸೌತ್ ಕ್ಯಾರೊಲೈನಾ ಸ್ಯಾಂಡರ್ಸ್ ಎದುರಾಳಿ ಜೋ ಬೈಡನ್ ಪಾಲಾಯಿತು. ಬುಧವಾರ ಅಲ್ಲಿನ ಸಂಸದ ಜಿಮ್ ಕ್ಲೈಬರ್ನ್ ಅವರಿಗೆ ಬೆಂಬಲ ಘೋಷಿಸಿದ್ದರು. ಕಪ್ಪು ಜನರ ಮತ ಒಟ್ಟಾಗಿ ಬಂತು. ಮಗಳು ಆಸ್ಟಿನ್‌ನಿಂದ ಫೋನ್ ಮಾಡಿ, “ಅಮ್ಮಾ, ಇದು ಹೆದರಿ ಹಾಕಿದ ವೋಟು” ಎಂದಳು. ನಾನು ಒಪ್ಪಲಿಲ್ಲ. ಅಲ್ಲಿನ ಹಿರಿಯರು 1965ರ ಮತದಾನ ಹಕ್ಕು ಕಾಯ್ದೆಗೆ ಮುಂಚಿನ ದಿನಗಳನ್ನು ಕಂಡವರು. ಟ್ರಂಪ್ ಮತ್ತೆ ಗೆದ್ದರೆ ಮೊದಲ ಪೆಟ್ಟು ಯಾರಿಗೆ ಬೀಳುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೆಲ್ಲಬಲ್ಲವನನ್ನು ಆರಿಸುವುದೂ ಒಂದು ಸಿದ್ಧಾಂತವೇ.

ಮಾರ್ಚ್ 3, ಮಂಗಳವಾರ

ನಮ್ಮ ಟೆಕ್ಸಾಸ್ ಸೇರಿ ಹದಿನಾಲ್ಕು ರಾಜ್ಯಗಳಲ್ಲಿ ಇಂದು ಮತದಾನ. ಕಣದಿಂದ ಹಿಂದೆ ಸರಿದ ಬುಟಿಜಜ್, ಕ್ಲೋಬುಚಾರ್ ಇಬ್ಬರೂ ನಿನ್ನೆ ನಮ್ಮ ಪಕ್ಕದ ಡಲ್ಲಾಸ್‌ಗೇ ಬಂದು ಬೈಡನ್ ಪರ ನಿಂತರು. ಮಗಳಿಗೆ ಇದು ಪಿತೂರಿ, ನಮ್ಮ ಯಜಮಾನರಿಗೆ ಜಾಣತನ. ನನಗಂತೂ ಇದು ರಾಜಕೀಯದ ಮಾಮೂಲು ಕೆಲಸ: ಒಂದೇ ವಿಚಾರದವರು ಮತ ಹಂಚಿಕೊಂಡು ಸೋಲುವ ಬದಲು ಒಂದಾದರು.

ಕರ್ನಾಟಕದಲ್ಲಿ ಹೈಕಮಾಂಡ್ ದೆಹಲಿಯಲ್ಲಿ ಕೂತು ಟಿಕೆಟ್ ಹಂಚಿದ ಮೇಲೆ ನಮ್ಮ ಸರದಿ ಬರುತ್ತಿತ್ತು. ಇಲ್ಲಿ ಟಿಕೆಟ್ ಯಾರಿಗೆಂದು ತೀರ್ಮಾನಿಸುವವರಲ್ಲಿ ನಾನೂ ಒಬ್ಬಳು. ಪಕ್ಷದೊಳಗಿನ ಜಗಳ ಹಾಗಾಗಿ ಬೀದಿಯಲ್ಲೇ ನಡೆಯುತ್ತದೆ; ನಡೆಯಬೇಕಾದದ್ದೂ ಅಲ್ಲೇ. ನಾನು ಸ್ಯಾಂಡರ್ಸ್‌ಗೆ ಹಾಕಿದೆ, ಯಜಮಾನರು ಬೈಡನ್‌ಗೆ.

ಏಪ್ರಿಲ್ 9, ಗುರುವಾರ

ನಿನ್ನೆ ಸ್ಯಾಂಡರ್ಸ್ ಪ್ರಚಾರ ನಿಲ್ಲಿಸಿದರು. ಮಗಳು ತುಂಬ ಅತ್ತಳು. ಇಂದು ಬೈಡನ್, ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಪಡೆಯುವ ವಯಸ್ಸನ್ನು 65ರಿಂದ 60ಕ್ಕೆ ಇಳಿಸುವುದಾಗಿ ಹೇಳಿದ್ದಾರೆ. ಕೊರೊನಾದಿಂದ ಲಕ್ಷಾಂತರ ಜನ ಕೆಲಸ ಕಳೆದುಕೊಳ್ಳುತ್ತಿದ್ದಾರೆ. ಕೆಲಸ ಹೋದವರಿಗೆ ಕಂಪನಿಯ ವಿಮೆಯೂ ಹೋಗುತ್ತದೆ. ಸ್ಯಾಂಡರ್ಸ್ ವರ್ಷಗಟ್ಟಲೆ ಹೇಳಿಕೊಂಡು ಬಂದದ್ದು ಇದನ್ನೇ.

ಏಪ್ರಿಲ್ 13, ಸೋಮವಾರ

ಸ್ಯಾಂಡರ್ಸ್ ಇಂದು ಬೈಡನ್‌ಗೆ ಬೆಂಬಲ ಘೋಷಿಸಿದರು. ಹವಾಮಾನ, ಆರೋಗ್ಯ, ಶಿಕ್ಷಣ, ಆರ್ಥಿಕತೆ, ವಲಸೆ, ಅಪರಾಧ ನ್ಯಾಯ – ಈ ಆರು ವಿಷಯಗಳ ಮೇಲೆ ಎರಡೂ ಬಣದವರು ಸೇರಿ ಸಮಿತಿಗಳನ್ನು ಮಾಡುತ್ತಾರಂತೆ. 2016ರಲ್ಲಿ ಸ್ಯಾಂಡರ್ಸ್ ಹಿಲರಿ ಕ್ಲಿಂಟನ್‌ಗೆ ಬೆಂಬಲ ಕೊಟ್ಟದ್ದು ಜುಲೈನಲ್ಲಿ. ಈ ಸಲ ಏಪ್ರಿಲ್‌ನಲ್ಲೇ.

“ಇಷ್ಟು ಸಾಲದು” ಎನ್ನುತ್ತಾಳೆ ಮಗಳು. ಸಾಲದು, ನಿಜ. ಆದರೆ ಸ್ಯಾಂಡರ್ಸ್ ಕಣಕ್ಕಿಳಿಯದೇ ಇದ್ದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ. ನವೆಂಬರ್‌ನಲ್ಲಿ ಬೈಡನ್‌ಗೆ ಮತ ಹಾಕುತ್ತೇನೆ. ಮರುದಿನದಿಂದಲೇ ಇನ್ಸುಲಿನ್ ಬೆಲೆಯ ಬಗ್ಗೆ ಅವರದೇ ಪಕ್ಷದವರನ್ನು ಕೇಳಲು ಶುರುಮಾಡುತ್ತೇನೆ.