ಮೊಮ್ಮಗನ ಆಟ, ಮುತ್ಯಾನ ಪಾಠ

ಆಟಗಳನ್ನು ಶಿಫಾರಸು ಮಾಡಿ ನಾನು ಲೇಖನ ಬರೆದಿದ್ದೇನೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಅವರ ಗೋಲಿಗಳನ್ನು ಕಸಿದುಕೊಂಡು ಮೇಜಿನ ಖಾನೆಯಲ್ಲಿಟ್ಟ ಮುಖ್ಯಾಧ್ಯಾಪಕ ನಾನೇ.

ಕಳೆದ ದೀಪಾವಳಿಗೆ ಮೊಮ್ಮಗ ಪುಣೆಯಿಂದ ಉಮರ್ಗಾದ ನಮ್ಮ ಮನೆಗೆ ಬಂದಿದ್ದ. ನನ್ನ ಮೊಬೈಲಿನಲ್ಲಿ ಯಾವುದೋ ಆಟವಾಡುತ್ತ, ಅದರೊಳಗಿನ 'ನಾಣ್ಯ' ಕೊಳ್ಳುವ ಭರದಲ್ಲಿ ನನ್ನ ಪಿಂಚಣಿಯ ಎಂಟುನೂರು ರೂಪಾಯಿ ಕಳೆದ. ನಾನು ಗದರಿಸಿ ಮೊಬೈಲು ಕಿತ್ತುಕೊಂಡೆ. ಎರಡು ದಿನ ಅವನು ನನ್ನೊಡನೆ ಮಾತನಾಡಲಿಲ್ಲ. ವರ್ಷಕ್ಕೆ ಎಂಟು ದಿನ ಸಿಗುವ ಮೊಮ್ಮಗ. ಅದರಲ್ಲಿ ಎರಡು ದಿನ ನನ್ನ ಕೋಪಕ್ಕೆ ಬಲಿಯಾದವು. ಹಣಕ್ಕಿಂತ ಆ ನಷ್ಟವೇ ದೊಡ್ಡದೆನಿಸಿತು.

ಬಾಲ್ಯದಲ್ಲಿ ನಾವು ಗುಡಿಯ ಕಟ್ಟೆಯ ಮೇಲೆ ಇದ್ದಲಿನಿಂದ ಗೆರೆ ಎಳೆದು ಮೂರು ಹುಲಿ, ಹದಿನೈದು ಕುರಿಗಳ ಆಟ ಆಡುತ್ತಿದ್ದೆವು. ಇಪ್ಪತ್ತೈದು ಮನೆಗಳ ಚೌಕಾಬಾರಕ್ಕೆ ಕವಡೆ ಇಲ್ಲದಿದ್ದರೆ ಒಡೆದ ಹುಣಸೆಬೀಜವೇ ಸಾಕಿತ್ತು. ಆ ಆಟಗಳಿಗೆ ಮಾಲೀಕರಿರಲಿಲ್ಲ. ಹಾಗಾದರೆ ದೋಷವಿರುವುದು ಆಟದಲ್ಲಲ್ಲ, ಆಟದೊಳಗೆ ಅಡಗಿ ಕುಳಿತ ಅಂಗಡಿಯಲ್ಲಿ.

ಉದಗೀರದಲ್ಲಿ ಕಂಪ್ಯೂಟರ್ ಕಲಿಸುವ ಹಳೆಯ ಶಿಷ್ಯನೊಬ್ಬನನ್ನು ಕೇಳಿದೆ: ಅಂಗಡಿಯಿಲ್ಲದ ಆಟಗಳು ಈಗಲೂ ಇವೆಯೇ? "ಅದಾವ್ರೀ ಗುರುಗಳೇ, ಹುಡುಕಬೇಕಷ್ಟ" ಎಂದ. ಅವನು ತೋರಿಸಿದವುಗಳಲ್ಲಿ ಮೂರನ್ನು ಸಂಘದ ಕುಟುಂಬಗಳಿಗೆ ನಿಸ್ಸಂಕೋಚವಾಗಿ ಹೇಳುತ್ತೇನೆ.

ಪುಟ್ಟ ಮಕ್ಕಳಿಗೆ 'ಜಿಕಾಂಪ್ರಿ'. ಫ್ರಾನ್ಸಿನ ಬ್ರೂನೊ ಕುಡ್ವಾನ್ 2000ದಲ್ಲಿ ಆರಂಭಿಸಿದ ಈ ಉಚಿತ ತಂತ್ರಾಂಶದಲ್ಲಿ ಎಣಿಕೆ, ಅಕ್ಷರ, ಒಗಟುಗಳ ನೂರಕ್ಕೂ ಹೆಚ್ಚು ಆಟಗಳಿವೆ. ಜಾಹೀರಾತಿಲ್ಲ.

ಲೆಕ್ಕ ಬಲ್ಲವರಿಗೆ '2048'. ಹದಿನಾರು ಮನೆಗಳಲ್ಲಿ ಎರಡಕ್ಕೆ ಎರಡು, ನಾಲ್ಕಕ್ಕೆ ನಾಲ್ಕು ಕೂಡುತ್ತ 2048 ಮುಟ್ಟಬೇಕು. 2014ರಲ್ಲಿ ಇದನ್ನು ರಚಿಸಿ ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟವನು ಇಟಲಿಯ ಗೇಬ್ರಿಯೆಲೆ ಚಿರುಲ್ಲಿ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಇದರ ನಕಲುಗಳು ಹಲವು, ಜಾಹೀರಾತು ತುಂಬಿದವೂ ಉಂಟು, ನೋಡಿ ಆರಿಸಿರಿ.

ಮೂರನೆಯದು ಚದುರಂಗದ 'ಲೀಚೆಸ್'. ಫ್ರಾನ್ಸಿನ ತಿಬೋ ದ್ಯುಪ್ಲೆಸಿ 2010ರಲ್ಲಿ ತೆರೆದ ಈ ತಾಣ ನಡೆಯುವುದು ದೇಣಿಗೆಯಿಂದ. ಜಾಹೀರಾತು ಇಲ್ಲವೇ ಇಲ್ಲ. ಹಣ ಕೊಟ್ಟವನಿಗೂ ಕೊಡದವನಿಗೂ ಒಂದೇ ಮಣೆ. ಮಕ್ಕಳಿಗಾಗಿ ಪ್ರತ್ಯೇಕ ವ್ಯವಸ್ಥೆಯಿದ್ದು, ಅದನ್ನು ಆರಿಸಿದರೆ ಅಪರಿಚಿತರ ಸಂದೇಶಗಳು ಬರುವುದಿಲ್ಲ. ಒಂದು ನಡೆಗೆ ಮೂರು ದಿನಗಳ ಗಡುವಿಟ್ಟುಕೊಂಡು, ಹಿಂದಿನ ಕಾಲದ ಅಂಚೆ ಕಾರ್ಡಿನಂತೆ ನಿಧಾನವಾಗಿಯೂ ಆಡಬಹುದು.

ನಾವಿಬ್ಬರೂ ಆಡುವುದು ಹಾಗೆಯೇ. ಮೊಮ್ಮಗ ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ, ಓದಲಾರ. ಅವನು ಶಾಲೆಯಲ್ಲಿ ಕಲಿತದ್ದು ಮರಾಠಿ ಮತ್ತು ಇಂಗ್ಲಿಷ್. ಲೀಚೆಸ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆಯೆಂದು ತಿಳಿದ ದಿನ, ಅದನ್ನೇ ಇಟ್ಟುಕೋ ಎಂದೆ. ಈಗ ವಾರಕ್ಕೆರಡು ಸಲ ತಾನಾಗಿ ಫೋನು ಮಾಡುತ್ತಾನೆ: "ಮುತ್ಯಾ, ಇಲ್ಲೊಂದು ಅಕ್ಷರ ಅದ, ಮರಾಠಿ 'ಗ' ಅಲ್ಲ, ಇದೇನು?"

ಗಡಿಯ ಮನೆಗಳಲ್ಲಿ ಕನ್ನಡ ಉಳಿಸುವ ಬಗ್ಗೆ ಉಮರ್ಗಾ, ನಿಲಂಗಾ, ಉದಗೀರಗಳ ಸಭೆಗಳಲ್ಲಿ ನಾನು ಎಷ್ಟೋ ಭಾಷಣ ಮಾಡಿದ್ದೇನೆ. ಆ ಭಾಷಣಗಳನ್ನು ಅವನು ಕೇಳಿಲ್ಲ. ನಿನ್ನೆ ಅವನ ಕುದುರೆ ನನ್ನ ರಾಣಿಯ ಮೇಲೆ ಬಂದು ನಿಂತಿದೆ. ನನಗಿನ್ನೂ ಎರಡು ದಿನ ಗಡುವಿದೆ.