ಚಿಕನ್ ಮೆಶ್ ಎಂಬ ನಂಬಿಕೆ

ಹಾರ್ಡ್‌ವೇರ್ ಅಂಗಡೀಲಿ ‘ಚಿಕನ್ ಮೆಶ್’ ಅಂತ ಕೊಡ್ತಾರಲ್ಲ, ಆರು ಮೂಲೆ ಕಣ್ಣಿನ ತೆಳು ತಂತಿ ಬಲೆ, ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತೆ, ಅಷ್ಟೇ. ಒಳಗೆ ಬರೋರನ್ನಲ್ಲ. ನಾಯಿ ಹಲ್ಲು ಹಾಕಿ ಎಳೆದರೆ ಕಿತ್ತು ಬರುತ್ತೆ. ಕೇರೆ ಹಾವಿಗಂತೂ ಅದು ಹೆಬ್ಬಾಗಿಲು. ಹೂಮರಿ ಇದ್ದರೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶೇ ಬೇಕು. ದುಬಾರಿ, ನಿಜ. ಮರಿ ಮಲಗೋ ಗೂಡಿಗಾದರೂ ಹಾಕಿಸಿ.

ಮುಂಗುಸಿ ಲೆಕ್ಕವೇ ಬೇರೆ. ಬೇಲಿ ಬುಡದಲ್ಲೇ ಮಣ್ಣು ಕೆರೆದು ನುಸುಳುತ್ತೆ. ಜಾಲರಿಯ ಕೆಳಗಿನ ಒಂದಡಿಯನ್ನು ಹೊರಕ್ಕೆ ಮಡಚಿ, ನೆಲದ ಮೇಲೆ ಮಲಗಿಸಿ, ಮೇಲೆ ಮಣ್ಣು, ಕಲ್ಲು ಹೇರಿಬಿಡಿ. ಕೆರೆದಲ್ಲೆಲ್ಲ ಉಗುರಿಗೆ ತಂತಿ ಸಿಗುತ್ತೆ. ಒಂದಡಿ ಹಿಂದೆ ಸರಿದು ತೋಡೋ ಬುದ್ಧಿ ಸಾಮಾನ್ಯವಾಗಿ ಹೊಳೆಯಲ್ಲ, ಪುಣ್ಯ!

ಮೇಲ್ಗಡೆ ಹಳೇ ಮೀನುಬಲೆ ಕಟ್ಟಿದರೆ ಗಿಡುಗ, ಕಾಗೆಯ ಕಾಟ ತಪ್ಪುತ್ತೆ. ರಾತ್ರಿ ಬರೋ ಪುನುಗು ಬೆಕ್ಕಿಗೆ ಅದು ಯಾವ ಲೆಕ್ಕ? ಕತ್ತಲಾಗೋ ಮುಂಚೆ ಹೇಂಟೆ, ಮರಿ ಎಲ್ಲವನ್ನೂ ಗೂಡಿಗೆ ಸೇರಿಸಿ ಚಿಲಕ ಜಡಿಯಲೇಬೇಕು. ಹೊರಗೆ ಮೇಯೋಕೆ ಬಿಟ್ಟ ಹುಂಜ ಮಾತ್ರ ಗೂಡು ಒಲ್ಲದೆ ನುಗ್ಗೆ ಮರ ಹತ್ತಿ ಕೂತಿರುತ್ತೆ. ಅದನ್ನಿಳಿಸೋಕೆ ಮನೆಮಂದಿಯೆಲ್ಲ ಕೋಲು ಹಿಡಿದು ಬರಬೇಕು. ನಿಮ್ಮನೆ ಹುಂಜವೂ ಹೀಗೇನಾ?